ಕಾಕಾ ಹೇಳಿದ ಸಣ್ಣ ಕೆಲಸ

ಪುಣೆಗೆ ಬಂದು ಆರು ವರ್ಷವಾಯಿತು. ಊರು ಧಾರವಾಡ, ಬಾಡಿಗೆ ಮನೆ ವಾರ್ಜೆಯಲ್ಲಿ, ಆಫೀಸು ಹಿಂಜವಡಿಯಲ್ಲಿ. ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ, ಹೆಸರು ಬೇಡ. ಸಪೋರ್ಟ್ ಪಾಳಿ ಬಂದಾಗ ಪ್ರೊಡಕ್ಷನ್ ಡೇಟಾಬೇಸ್ ನಮ್ಮ ಕೈಗೇ ಸಿಗುತ್ತದೆ. ಟೆಸ್ಟಿಂಗಿಗೆ ಅಂತ ತುಂಬಿದ ಸುಳ್ಳು ಹೆಸರುಗಳಲ್ಲ, ನಿಜವಾದ ಜನರ ನಿಜವಾದ ರಿಪೋರ್ಟು.

ಹೋದ ವರ್ಷ ಗಣಪತಿ ಹಬ್ಬಕ್ಕೆ ಕೋಥ್ರೂಡಿನಲ್ಲಿರುವ ಕಾಕಾನ ಮನೆಗೆ ಊಟಕ್ಕೆ ಹೋಗಿದ್ದೆ. ರಕ್ತಸಂಬಂಧ ಏನಿಲ್ಲ. ಅಪ್ಪನ ಓಣಿಯವರು, ನಾನು ಇಲ್ಲಿಗೆ ಬಂದ ಹೊಸದರಲ್ಲಿ ಎರಡು ತಿಂಗಳು ಮನೆಯಲ್ಲಿಟ್ಟುಕೊಂಡು ಊಟ ಹಾಕಿದವರು. ಕಡುಬು ತಿಂದು ಕೈ ತೊಳೆಯುವಷ್ಟರಲ್ಲಿ ಬಾಲ್ಕನಿಗೆ ಕರೆದರು.

"ತಮ್ಮಾ, ನೀ ಆ ಲ್ಯಾಬಿನ ಕೆಲಸಾನ ಮಾಡ್ತಿ ಅಲ್ಲ?"

ಮಗನಿಗೆ ಒಂದು ಹೆಣ್ಣು ನೋಡಿದ್ದರು. ಹುಡುಗಿಗೆ ಏನೋ ಕಾಯಿಲೆ ಇದೆ ಅಂತ ಯಾರೋ ಕಿವಿ ಊದಿದ್ದರು. ಅವಳ ಮನೆ ಹತ್ತಿರದ ಲ್ಯಾಬಿನಲ್ಲಿ ನಮ್ಮದೇ ಸಾಫ್ಟ್‌ವೇರ್ ಇರುವುದು ಕಾಕಾಗೆ ಹೇಗೆ ಗೊತ್ತಾಯಿತೋ (ನಾನೇ ಯಾವಾಗಲೋ ಜಂಬ ಕೊಚ್ಚಿರಬೇಕು). "ಒಂದ್ಸಲ ನೋಡಿ ಹೇಳಪಾ, ಸಣ್ಣ ಕೆಲಸ" ಅಂತ ಮೊಬೈಲ್ ನಂಬರ್ ಬರೆದ ಚೀಟಿ ಜೇಬಿಗೆ ತುರುಕಿದರು. ಆಗಲ್ಲ ಅನ್ನಬೇಕಿತ್ತು. "ನೋಡ್ತೀನ್ರಿ" ಅಂದೆ. ಎರಡು ತಿಂಗಳ ಊಟ ಗಂಟಲಲ್ಲಿ ಕೂತಿತ್ತು.

ಶನಿವಾರ ರಾತ್ರಿ ಲ್ಯಾಪ್‌ಟಾಪ್ ತೆಗೆದೆ. ನಮ್ಮ ಆ್ಯಪಿನಲ್ಲಿ ಯಾರು ಯಾರ ರಿಪೋರ್ಟ್ ತೆರೆದರೂ ಆಡಿಟ್ ಲಾಗಿನಲ್ಲಿ ಹೆಸರು, ಹೊತ್ತು ಎಲ್ಲಾ ದಾಖಲಾಗುತ್ತದೆ. ಆ ಕೋಡ್ ಬರೆದವನು ನಾನೇ, ಹಾಗಾಗಿ ಅದರ ಕಣ್ಣು ಎಲ್ಲಿಗೆ ತಲುಪಲ್ಲ ಅನ್ನುವುದೂ ನನಗೇ ಚೆನ್ನಾಗಿ ಗೊತ್ತಿತ್ತು: ಸ್ಕ್ರೀನಿನಿಂದ ನೋಡಿದರೆ ಸಿಕ್ಕಿಬೀಳುತ್ತೇವೆ, ನೇರವಾಗಿ ಡೇಟಾಬೇಸಿಗೆ ಕ್ವೆರಿ ಹೊಡೆದರೆ (ಅಂದರೆ ಆದೇಶ ಬರೆದು ಮಾಹಿತಿ ಕೇಳಿದರೆ) ಇಲ್ಲ, ಯಾಕೆಂದರೆ ಡಿಸ್ಕ್ ತುಂಬುತ್ತದೆ ಅಂತ ಡೇಟಾಬೇಸಿನ ಲಾಗಿಂಗನ್ನು ನಾವೇ ಆಫ್ ಮಾಡಿಟ್ಟಿದ್ದೆವು.

ಹೊಡೆದೆ.

ಹನ್ನೊಂದು ಸಾಲು ಬಂದವು. ಮನೆಯವರೆಲ್ಲ ಒಂದೇ ನಂಬರ್ ಕೊಟ್ಟಿದ್ದರು. ಅಜ್ಜಿಯ ಕಿಡ್ನಿ, ಅಪ್ಪನ ಶುಗರ್, ಆಮೇಲೆ ಅವಳದು. ಕೇಳಿದ್ದು ಒಬ್ಬಳ ಬಗ್ಗೆ, ನಾನು ನೋಡಿದ್ದು ಇಡೀ ಮನೆ. ಅವಳ ಸಾಲಿನಲ್ಲಿ ಏನಿತ್ತು ಅಂತ ಇಲ್ಲಿ ಬರೆಯಲ್ಲ.

ನಿದ್ದೆ ಬರಲಿಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ತೆಗೆದು ಓದಿದೆ, ನೌಕರಿಗೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಅದರ ಹೆಸರು ಮಾತ್ರ ನೋಡಿದ್ದೆ. 2000ದ ಕಾಯ್ದೆ. ಅನುಮತಿ ಇಲ್ಲದೆ ಮಾಹಿತಿ ತೆಗೆದರೆ 43ನೇ ಸೆಕ್ಷನ್, ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66, 3 ವರ್ಷದವರೆಗೆ ಜೈಲು. ಕೆಲಸದ ಮೇಲೆ ಕೈಗೆ ಸಿಕ್ಕ ಬೇರೆಯವರ ಮಾಹಿತಿಯನ್ನು ಒಬ್ಬರ ಲಾಭಕ್ಕೋ ಇನ್ನೊಬ್ಬರ ನಷ್ಟಕ್ಕೋ ಹೊರಗೆ ಕೊಟ್ಟರೆ 72ಎ, ಅಲ್ಲೂ 3 ವರ್ಷ. ಅದೇ ಕಾಯ್ದೆಯ 2011ರ ನಿಯಮಗಳಲ್ಲಿ ವೈದ್ಯಕೀಯ ದಾಖಲೆ ಪಾಸ್‌ವರ್ಡಿನ ಸಾಲಿನಲ್ಲೇ ಇದೆ, ಎರಡೂ ಸೂಕ್ಷ್ಮ ಮಾಹಿತಿಯೇ. ನನಗೆ ಪಾಸ್‌ವರ್ಡ್ ಕೊಟ್ಟಿದ್ದಾರಲ್ಲ ಅಂತ ಮನಸ್ಸು ವಾದ ಮಾಡುತ್ತಿತ್ತು. ಕೊಟ್ಟಿದ್ದು ಟಿಕೆಟ್ (ಲ್ಯಾಬಿನವರ ದೂರು) ಬಂದಾಗ ಬಳಸಲು, ಕಾಕಾನ ಚೀಟಿಗಲ್ಲ. 2005ರಲ್ಲಿ ಇದೇ ಪುಣೆಯ ಕಾಲ್ ಸೆಂಟರಿನಲ್ಲಿ ಕೆಲವರು ಅಮೆರಿಕದ ಬ್ಯಾಂಕ್ ಗ್ರಾಹಕರ ಪಿನ್ ತಿಳಿದುಕೊಂಡು ಹಣ ಎತ್ತಿ ಪೊಲೀಸರ ಕೈಗೆ ಸಿಕ್ಕಿದ್ದರು. ಅವರೇನು ಹ್ಯಾಕರ್‌ಗಳಾ? ನನ್ನ ಹಾಗೇ ಸಂಬಳಕ್ಕೆ ಕೂತವರು.

ಸೋಮವಾರ ಟೀಮ್ ಲೀಡ್‌ಗೆ ಹೇಳಿದೆ. ಮರಾಠಿ ಹೆಂಗಸು, ಮಾತು ಕಡಿಮೆ. "ಯಾರಿಗಾದರೂ ಹೇಳಿದ್ದೀಯಾ?" ಅಂತ ಮೊದಲು ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಲಾಗಿಂಗ್ ಆಫ್ ಇದೆ ಅಂತ ಇಷ್ಟು ದಿನ ಗೊತ್ತಿದ್ದೂ ಯಾಕೆ ಸುಮ್ನೆ ಇದ್ದೆ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕ್ವೆರಿ ಹೊಡೆದಿದ್ದಕ್ಕೆ ಕಾಕಾ, ಋಣ ಅಂತೆಲ್ಲ ಹೇಳಬಹುದಿತ್ತು. ಇದಕ್ಕೆ ಏನೂ ಇರಲಿಲ್ಲ. ಆ ಕಿಂಡಿ ಎಂಟು ತಿಂಗಳಿಂದ ತೆರೆದೇ ಇತ್ತು, ಡಿಸ್ಕ್ ಬಿಲ್ ಕಡಿಮೆ ಬಂತು ಅಂತ ನಾವು ಚಹಾ ಕುಡಿಯುತ್ತಾ ಖುಷಿಪಟ್ಟಿದ್ದೆವು.

ವಾರ್ನಿಂಗ್ ಲೆಟರ್ ಬಂತು, ಆ ವರ್ಷ ಇನ್‌ಕ್ರಿಮೆಂಟ್ ಇಲ್ಲ, ಪ್ರೊಡಕ್ಷನ್ ಆ್ಯಕ್ಸೆಸ್ ಹೋಯಿತು. ಲ್ಯಾಬಿನವರಿಗೂ ಕಂಪನಿಯೇ ತಿಳಿಸಿತು. ಆಮೇಲೆ ಕಿಂಡಿ ಮುಚ್ಚುವ ಕೆಲಸ ನನಗೇ ಕೊಟ್ಟರು: ಟಿಕೆಟ್ ನಂಬರ್ ಇಲ್ಲದೆ ಡೇಟಾಬೇಸ್ ತೆರೆಯಲ್ಲ, ತೆರೆದರೂ ಹೆಸರು ಕಾಣಲ್ಲ, ಪ್ರತಿ ಕ್ವೆರಿಯೂ ದಾಖಲಾಗುತ್ತದೆ.

ಕಾಕಾಗೆ ಫೋನ್ ಮಾಡಿ, "ಅದು ಆಗಂಗಿಲ್ರೀ, ನೌಕರಿ ಹೋಗ್ತದ" ಅಂದೆ.

"ಹೌದಾ? ನೋಡಿಯೋ ಇಲ್ಲೋ?"

"ಇಲ್ರೀ."

ಈ ವರ್ಷವೂ ಗಣಪತಿಗೆ ಕರೆದರು. ಮದುವೆ ಬೇಸಿಗೆಯಲ್ಲೇ ಆಗಿತ್ತು. ಹೊಸ ಸೊಸೆ ಕಡುಬಿಗೆ ತುಪ್ಪ ಹಾಕಲು ಬಂದಳು, "ಇನ್ನೊಂದು ಹಾಕ್ಲಾ ಅಣ್ಣಾ?" ಅಂದಳು. ನಾನು ತಟ್ಟೆಯನ್ನೇ ನೋಡುತ್ತಾ ಸಾಕು ಅಂದೆ.