"ಅಕ್ಕಾರ, ನಮ್ಮ ಹುಡುಗಿ ಪಾಸೋ ನಪಾಸೋ?"

ಇಂಡಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಗೆ ಗಣಿತ ಕಲಿಸುತ್ತೇನೆ. ನಮ್ಮ ಕಡೆ ಟೀಚರ್ ಅನ್ನುವವರು ಕಡಿಮೆ, ಅಕ್ಕಾರು ಅಂತಲೇ ಕರೆಯುತ್ತಾರೆ. ಪಾಲಕರ ಸಭೆಯಿರಲಿ, ಸಂತೆಯಿರಲಿ, ವಿಜಯಪುರದ ಬಸ್ಸಿಗೆ ಕಾಯುತ್ತ ನಿಂತಿರಲಿ, ಯಾರಾದರೊಬ್ಬರು ಮೊಬೈಲ್ ತೆಗೆದು ಒಂದು ಫೋಟೋ ಮುಂದೆ ಹಿಡಿಯುತ್ತಾರೆ. ಅದರಲ್ಲೊಂದು ಅಂಕಿ. "ಅಕ್ಕಾರ, ಇಷ್ಟ ಬಂದಾವ ನೋಡ್ರಿ. ಪಾಸೋ ನಪಾಸೋ?"

ನಾನು ತಿರುಗಿ ಕೇಳುವುದು ಒಂದೇ: "ಇದು ಯಾವ ಪರೀಕ್ಷಾದ್ದು?" ಬಹಳ ಮಂದಿಗೆ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಶಾಲೆಯವೇ ಇರುತ್ತವೆ. ಅದರ ನಡುವೆ ಸಮೀಕ್ಷೆ ಅಂತ ಒಂದು, ಸ್ಕಾಲರ್‌ಶಿಪ್ ಅಂತ ಇನ್ನೊಂದು, ಆಸೆಯಿದ್ದವರಿಗೆ ನವೋದಯ, ಸೈನಿಕ ಶಾಲೆ. ಮನೆಯವರ ಕಣ್ಣಿಗೆ ಎಲ್ಲವೂ 'ಪರೀಕ್ಷಾ', ಎಲ್ಲದಕ್ಕೂ 'ರಿಸಲ್ಟ್' ಇರಲೇಬೇಕು.

ಶಾಲೆಯ ಪ್ರಗತಿಪತ್ರದ್ದು ಸುಲಭ. ಅಲ್ಲಿರುವುದು ಅಕ್ಷರ. 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, ಹೀಗೆ ಇಳಿಯುತ್ತದೆ. ಆದರೆ 69 ಬಂದವಳಿಗೂ 51 ಬಂದವನಿಗೂ ಒಂದೇ ಅಕ್ಷರ ಎನ್ನುವುದನ್ನು ಮರೆಯಬಾರದು. "ಹೋದ ಸಲಾನೂ ಬಿ ಪ್ಲಸ್, ಈ ಸಲಾನೂ ಬಿ ಪ್ಲಸ್, ಏನೂ ಕಲತಿಲ್ಲ" ಎಂದು ಮಗನ ಕಿವಿ ಹಿಂಡಿದ ತಂದೆಗೆ ನಾನು ಅಂಕಗಳನ್ನು ತೆಗೆದು ತೋರಿಸಬೇಕಾಯಿತು. ಹುಡುಗ 52ರಿಂದ 67ಕ್ಕೆ ಬಂದಿದ್ದ. ಕಿವಿ ಮಾತ್ರ ಅಷ್ಟರಲ್ಲಿ ಕೆಂಪಾಗಿತ್ತು.

ಸಮೀಕ್ಷೆಯದು ಬೇರೆಯೇ ಕಥೆ. 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6 ಮತ್ತು 9ನೆಯ ತರಗತಿಯ ಮಕ್ಕಳಿಗೆ ಪರಖ್ ಎಂಬ ರಾಷ್ಟ್ರೀಯ ಕಲಿಕಾ ಸಮೀಕ್ಷೆ ನಡೆಯಿತು. ಸುಮಾರು 74 ಸಾವಿರ ಶಾಲೆ, 21 ಲಕ್ಷ ಮಕ್ಕಳು. ಅದಕ್ಕೂ ಮುಂಚೆ 2021ರ ನವೆಂಬರ್ 12ರಂದು ಇಂಥದೇ ಇನ್ನೊಂದು ಆಗಿತ್ತು, ಆಗ 3, 5, 8, 10ನೆಯ ತರಗತಿಗಳು. ಮಕ್ಕಳು ಓಎಂಆರ್ ಹಾಳೆಯಲ್ಲಿ ಗೋಲ ತುಂಬಿ ಮನೆಗೆ ಬಂದರು ಅಂದಮೇಲೆ ಪಾಲಕರು ರಿಸಲ್ಟ್ ಕೇಳುವುದು ಸಹಜ. ಆದರೆ ಅದರಲ್ಲಿ ಮಗುವಿಗೆ ಅಂಕವೇ ಇಲ್ಲ. ವರದಿ ಬರುವುದು ಜಿಲ್ಲೆಯ ಹೆಸರಿನಲ್ಲಿ, ರಾಜ್ಯದ ಹೆಸರಿನಲ್ಲಿ.

"ಬರದಿದ್ದು ನನ್ನ ಮಗಾ, ರಿಸಲ್ಟ್ ಜಿಲ್ಲಾಕ್ಕ ಹೆಂಗರಿ?" ಎಂದು ಒಬ್ಬರು ಸಿಟ್ಟಾಗಿದ್ದರು. ಅವರಿಗೆ ಎಪಿಎಂಸಿ ನೆನಪಿಸಿದೆ. ಜೋಳದ ಚೀಲಕ್ಕೆ ವ್ಯಾಪಾರಿ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಅಂಗೈಮೇಲೆ ಹರವಿ ನೋಡುತ್ತಾನಲ್ಲ, ಅವನು ದರ ಕಟ್ಟುವುದು ಆ ಹಿಡಿಕಾಳಿಗಲ್ಲ, ಇಡೀ ಮಾಲಿಗೆ. ನಿಮ್ಮ ಮಗ ಆ ದಿನ ಹಿಡಿಯಲ್ಲಿ ಬಂದ ಕಾಳು. "ಹಂಗಾದ್ರ ಆ ಕಾಳು ಹೆಂಗದ ಅಂತ ಯಾರ ನೋಡಾವ್ರು?" ಅಂದರು. ಒಳ್ಳೆ ಪ್ರಶ್ನೆ. ನೋಡಬೇಕಾದವಳು ನಾನೇ, ಅದಕ್ಕೆ ಸಮೀಕ್ಷೆ ಬೇಕಾಗಿಲ್ಲ.

ಹೆಚ್ಚು ಜಗಳ ಆಗುವುದು ಎನ್‌ಎಂಎಂಎಸ್ ವಿಷಯಕ್ಕೆ, ಅಂದರೆ ಕಡಿಮೆ ವರಮಾನದ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್. ಎಂಟನೆಯ ತರಗತಿಯಲ್ಲಿ ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ಮೂರೂವರೆ ಲಕ್ಷ ದಾಟಬಾರದು, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು, ವಸತಿ ಶಾಲೆಯವರಿಗಿಲ್ಲ. ಪತ್ರಿಕೆ ಎರಡು, ಬೌದ್ಧಿಕ ಸಾಮರ್ಥ್ಯದ್ದು 90, ಪಾಠದ್ದು 90, ಒಟ್ಟು 180 ಅಂಕ. ಎರಡೂ ಸೇರಿ ಶೇ. 40, ಅಂದರೆ 72 ಬರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 32.

ಹುಡುಗನಿಗೆ 81 ಬಂತೆನ್ನಿ. ಮನೆಯಲ್ಲಿ ಪೇಡೆ ಹಂಚುತ್ತಾರೆ. ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲ. "ಪಾಸ್ ಆಗ್ಯಾನ, ರೊಕ್ಕ ಯಾಕ ಬರಲಿಲ್ಲ? ನಡುವ ಯಾರ ತಿಂದ್ರು?" ಯಾರೂ ತಿಂದಿಲ್ಲ. 72 ಎನ್ನುವುದು ಸಾಲಿನಲ್ಲಿ ನಿಲ್ಲಲು ಬೇಕಾದ ಟೋಕನ್. ರಾಜ್ಯಕ್ಕೆ ಇಂತಿಷ್ಟೇ ಎಂದು ಸ್ಕಾಲರ್‌ಶಿಪ್ ನಿಗದಿಯಾಗಿದೆ, ಸಾಲಿನ ಮುಂದಿದ್ದವರಿಗೆ ಮುಗಿದರೆ ಮುಗಿಯಿತು. ಇದನ್ನು ಪರೀಕ್ಷೆಗೆ ಮುಂಚೆಯೇ ಹೇಳಬೇಕು. ನಾನು ಮೊದಲ ಎರಡು ವರ್ಷ ಹೇಳಲಿಲ್ಲ, ಮಕ್ಕಳ ಹುರುಪು ಕುಗ್ಗೀತೆಂದು ಸುಮ್ಮನಿದ್ದೆ. ಆಮೇಲೆ ಅತ್ತವರನ್ನು ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೇ ಬಂತು.

ಇನ್ನು "ಆ ಊರ ಸಾಲಿ ಸರಾಸರಿ ನಮ್ಮಕಿಂತ ಹೆಚ್ಚೈತಂತ" ಎನ್ನುವವರಿಗೆ. ಒಂದು ತರಗತಿಯಲ್ಲಿ 20 ಮಕ್ಕಳು ಎಂದಿಟ್ಟುಕೊಳ್ಳಿ. 16 ಮಕ್ಕಳಿಗೆ ತಲಾ 70, ದೀಪಾವಳಿ ಮುಗಿದದ್ದೇ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋಗಿ ಬಂದ ನಾಲ್ಕು ಮಕ್ಕಳಿಗೆ ತಲಾ 20. ಸರಾಸರಿ 60. ಮುಂದಿನ ಸಲ ಆ ನಾಲ್ವರು ಪರೀಕ್ಷೆಯ ದಿನ ಬರಲೇ ಇಲ್ಲ. ಸರಾಸರಿ ಸೀದಾ 70. ಕಲಿಸಿದ್ದು ಒಂದು ಅಕ್ಷರವೂ ಹೆಚ್ಚಲ್ಲ, ಆದರೂ ಶಾಲೆ ಹತ್ತು ಮೆಟ್ಟಿಲು ಏರಿತು! ಹಾಗಾಗಿ ಸರಾಸರಿ ಹೇಳಿದವರಿಗೆ ಎಷ್ಟು ಮಂದಿ ಬರೆದರು ಎಂದು ಕೇಳಿ. ಖಾಸಗಿ ಶಾಲೆಯಲ್ಲಿ ಓದುವ ಅಣ್ಣನ ಮಗನಿಗೆ 92 ಬಂದಿರುವ ಮಾತೂ ಅಷ್ಟೆ. ಅವರ ಪತ್ರಿಕೆ ಬೇರೆ, ನಮ್ಮದು ಬೇರೆ. ಶೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದರ ಪಕ್ಕ ಇಟ್ಟಂತೆ.

ಹಾಗಾದರೆ ಏನು ಕೇಳಬೇಕು? ಉತ್ತರ ಪತ್ರಿಕೆ ಕೇಳಿ. ಹೋದ ಚಳಿಗಾಲದ ಸಭೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದಿದ್ದರು. ತಾಲೂಕಿಗೆಲ್ಲ ಒಂದೇ ಇದ್ದ ಗಣಿತದ ಪತ್ರಿಕೆಯಲ್ಲಿ 20ಕ್ಕೆ 9. "ನನಗ ಓದಾಕ ಬರಂಗಿಲ್ರಿ ಅಕ್ಕಾರ, ನೀವ ಹೇಳ್ರಿ, ಈಕಿ ದಡ್ಡಿ ಅದಾಳೇನು?" ಮಗಳು ಕಂಬಕ್ಕೆ ಒರಗಿ ಕಾಲ್ಬೆರಳು ನೋಡುತ್ತ ನಿಂತಿದ್ದಳು.

ಪತ್ರಿಕೆ ಬಿಚ್ಚಿದೆ. ತಪ್ಪಿದ್ದು 11. 0.5 ಮತ್ತು 0.25ರಲ್ಲಿ ದೊಡ್ಡದು ಯಾವುದು ಎಂಬುದಕ್ಕೆ 0.25 ಎಂದು ಬರೆದಿದ್ದಳು. 3.4ಕ್ಕಿಂತ 3.12 ದೊಡ್ಡದು ಮಾಡಿದ್ದಳು. ಏರಿಕೆ ಕ್ರಮದ್ದು ತಪ್ಪು, ಉದ್ದ ಹೋಲಿಸುವುದು ತಪ್ಪು. ಎಣಿಸಿ ನೋಡಿದರೆ ಏಳು ತಪ್ಪಿಗೆ ಬೇರು ಒಂದೇ: ಚುಕ್ಕೆಯ ಆಚೆಗಿನದನ್ನು ಅವಳು ಪೂರ್ಣಸಂಖ್ಯೆಯ ಹಾಗೆ ಓದುತ್ತಿದ್ದಳು. 25 ಐದಕ್ಕಿಂತ ದೊಡ್ಡದಲ್ಲವೇ, ಹಾಗೆ. ದಡ್ಡತನವಲ್ಲ ಇದು, ಒಂದು ನಿಯಮವನ್ನು ಬಿಡದೆ ಪಾಲಿಸಿದ್ದಾಳೆ. ನಿಯಮ ತಪ್ಪು, ಅಷ್ಟೆ.

ತಾಯಿಗೆ ಕೇಳಿದೆ, "ಅರ್ಧ ಕಿಲೋ ದೊಡ್ಡದೋ, ಪಾವ ಕಿಲೋ ದೊಡ್ಡದೋ?"

"ಇದೇನ್ ಕೇಳ್ತೀರಿ, ಅರ್ಧ ಕಿಲೋನ ದೊಡ್ಡದಲ್ರಿ."

"ಅದನ್ನ ಕಾಗದದ ಮ್ಯಾಲ ಬರದ್ರ 0.5, 0.25."

ಮಗಳು ಕಂಬ ಬಿಟ್ಟು ಪತ್ರಿಕೆಯ ಹತ್ತಿರ ಬಂದಳು. ತಾಯಿ ಒಂದು ಗಳಿಗೆ ಸುಮ್ಮನಿದ್ದು ಕೇಳಿದರು, "ಇದು ಈಕಿ ಒಬ್ಬಾಕಿಗೆ ತಿಳಿದಿಲ್ಲೋ, ಉಳಿದ ಹುಡುಗೂರಿಗೂ ಹಿಂಗ ಆಗೈತೋ?"

ಆ ಪ್ರಶ್ನೆಯ ಉತ್ತರ ನನ್ನ ಬಳಿ ಇತ್ತು, ಹಿಂದಿನ ರಾತ್ರಿಯೇ ಗೆರೆ ಹಾಕಿ ಎಣಿಸಿದ್ದೆ. "22 ಮಂದಿಯೊಳಗ 14 ಮಂದಿ ಹಿಂಗ ಬರದಾರ" ಅಂದೆ.

"ಹಂಗಾದ್ರ ಇದು ಈಕಿ ರಿಸಲ್ಟ್ ಅಲ್ರಿ ಅಕ್ಕಾರ, ನಿಮ್ಮದು."

ಹೌದು ಅಂದೆ. ಸೋಮವಾರ ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು, ದಶಮಾಂಶದ ಪಾಠವನ್ನು ಮೊದಲಿನಿಂದ ಶುರು ಮಾಡಿದೆ.