ದೊಡ್ಡವ್ವಗ ‘ಗೃಹಭಂಗ’ ಓದಿ ಹೇಳಿದೆ

ಹೋದ ಚಳಿಗಾಲದಾಗ ದಿನಾ ರಾತ್ರಿ ಊಟ ಆದಮ್ಯಾಲೆ ಹತ್ತು ಹದಿನೈದು ಪುಟ ಓದ್ತಿದ್ದೆ, ದೊಡ್ಡವ್ವ ಕೌದಿ ಹೊದ್ಕೊಂಡು ಗ್ವಾಡಿಗೆ ಆತು ಕುಂದರ್ತಿದ್ಲು. ಭೈರಪ್ಪನವರ ಕಾದಂಬರಿ ‘ಗೃಹಭಂಗ’, 1970ರಾಗ ಬಂದಿದ್ದು. ತಿಪಟೂರು ಚನ್ನರಾಯಪಟ್ಟಣದ ಕಡೆ ಕಥಿ, ನಮ್ಮ ಕೊಪ್ಪಳದ ಮಾತಿಗೂ ಆ ಮಾತಿಗೂ ಭಾಳ ಫರಕು, ಆದ್ರೂ ಗಂಗಮ್ಮ ತನ್ನ ಇಬ್ರು ಗಂಡಮಕ್ಕಳನ್ನ ಬೈಯೋದು ಕೇಳಿ ಮೊದಲ್ನೇ ದಿನನ ದೊಡ್ಡವ್ವ “ಇಂಥಾಕಿ ನಮ್ಮ ಓಣ್ಯಾಗೂ ಇದ್ಲು” ಅಂದ್ಲು.

ಗಂಗಮ್ಮಗ ಗಂಡ ಇಲ್ಲ, ಶಾನುಭೋಗರ ಮನಿ, ಎರಡು ಹುಡುಗ್ರು. ಪ್ರೀತಿ ಬಂದ್ರೂ ಬೈಗುಳ, ಸಿಟ್ಟು ಬಂದ್ರೂ ಬೈಗುಳ. ಆ ಹುಡುಗ್ರು ದೊಡ್ಡವರಾಗಿ ಅದನ್ನ ತಾಯಿಗೂ ವಾಪಸ್ ಕೊಡ್ತಾರ, ಹೆಂಡ್ರಿಗೂ ಕೊಡ್ತಾರ. ಹಿರೇ ಮಗ ಚೆನ್ನಿಗರಾಯ ಅಂತೂ ಮಕ್ಕಳು ಹಸಿದು ಕುಂತ್ರೂ ತನ್ನ ಎಲಿ ತುಂಬಿದ್ರ ಸಾಕು ಅನ್ನೋ ಮನಷ್ಯಾ.

ಕಾಲೇಜ್ನಾಗ ಓದಿದಾಗ ಎಲ್ಲಾ ತಪ್ಪು ಗಂಗಮ್ಮನ ತಲಿಗೆ ಕಟ್ಟಿದ್ದೆ, ಈ ಸಲ ಹಂಗ ಅನಸಲಿಲ್ಲ. ಕಂಠಿಜೋಯಿಸರನ್ನ ನೋಡ್ರಿ, ಎಂಥಾ ಧೈರ್ಯಸ್ಥ, ಕುದ್ರಿ ಮ್ಯಾಲೆ ಓಡಾಡೋ ಮನಷ್ಯಾ, ಅಂಥವರು ಮಗಳು ನಂಜಮ್ಮನ್ನ ಚೆನ್ನಿಗರಾಯಗ ಕೊಡೋವಾಗ ಹುಡುಗ ಹೆಂಗದಾನ ಅಂತ ಸರಿಯಾಗಿ ನೋಡಲೇ ಇಲ್ಲ. ಬಾಯಿ ಮಾಡೋ ತಾಯಿ ಎಲ್ಲಾರ ಕಣ್ಣಿಗೂ ಬೀಳ್ತಾಳ, ಅಪ್ಪ ಸುಮ್ನ ಮಾಡಿದ ತಪ್ಪಿನ ಬಗ್ಗೆ ಯಾರೂ ಮಾತಾಡಂಗಿಲ್ಲ. ಇದು ನನಗ ಭಾಳ ಸಂಕಟ ಆಗೋ ವಿಷಯ.

ನಂಜಮ್ಮ ಏನ್ಮಾಡ್ತಾಳ ಅಂದ್ರ, ಗಂಡಗ ಬರದ ಶಾನುಭೋಗಿಕಿ ಲೆಕ್ಕ ತಾನ ಕುಂತು ಬರೀತಾಳ, ಮುತ್ತುಗದ ಎಲಿ ಹಚ್ಚಿ ಮಾರ್ತಾಳ, ಮಕ್ಕಳನ್ನ ಸಾಲಿಗೆ ಕಳಸ್ತಾಳ. ಎಲಿ ಹಚ್ಚೋದು ಓದೋವಾಗೆಲ್ಲಾ ನನಗ ದೊಡ್ಡವ್ವನ ರೊಟ್ಟಿ ನೆನಪಾಗ್ತಿತ್ತು. ನಮ್ಮವ್ವ ತೀರಿಕೊಂಡಾಗ ನಾನು ನಾಲ್ಕನೇತ್ತ, ಆಗ ದೊಡ್ಡವ್ವ ಖಾನಾವಳಿಗೆ ಜ್ವಾಳದ ರೊಟ್ಟಿ ಬಡದು ಕೊಡ್ತಿದ್ಲು. ಒಲಿ ಬಾಜೂ ಗ್ವಾಡಿ ಮ್ಯಾಲೆ ಇದ್ಲಿಲೆ ಗೆರಿ ಎಳೀತಿದ್ಲು, ಹತ್ತು ರೊಟ್ಟಿಗೆ ಒಂದು ಗೆರಿ, ನೂರಾದ್ರ ಒಂದು ಅಡ್ಡಗೆರಿ. ಆಕಿಗೆ ಅಕ್ಷರ ಬರಂಗಿಲ್ಲ. ತಿಂಗಳ ಕಡೀಗೆ ಗೆರಿ ಎಣಿಸಿ ಎಷ್ಟು ರೊಕ್ಕ ಬರಬೇಕು ಅಂತ ಹೇಳೋದು ನನ್ನ ಕೆಲಸ, ಗುಣಾಕಾರ ನಾನು ಕಲ್ತಿದ್ದು ಆ ಗ್ವಾಡಿ ಮುಂದ ನಿಂತು. ಓದು ಅಂತ ಒಂದು ದಿನನೂ ಅಂದಾಕಿ ಅಲ್ಲ. ಕರೆಂಟ್ ಹೋದಾಗ ನಾನು ಪುಸ್ತಕ ತಗದ್ರ ಚಿಮಣಿ ನನ್ನ ಕಡೆ ಸರಿಸಿ ತಾನು ಕತ್ತಲದಾಗ ಹಿಟ್ಟು ನಾದ್ತಿದ್ಲು, ಅಷ್ಟ.

ಪ್ಲೇಗಿನಾಗ ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಹೋಗೋ ಪುಟ ಬಂದಾಗ ನನ್ನ ಧ್ವನಿ ನಿಂತು ಹೋತು. “ನಾಳಿ ಓದಿಯಂತ” ಅಂದ್ಲು ದೊಡ್ಡವ್ವ. ಎರಡು ದಿನ ಪುಸ್ತಕ ಮುಟ್ಟಲಿಲ್ಲ ನಾವು.

ಆಮ್ಯಾಲೆ ನಂಜಮ್ಮನೂ ಹೋಗ್ತಾಳ. ಸಣ್ಣ ಮಗ ವಿಶ್ವ ಒಬ್ಬವ ಉಳೀತಾನ, ಅಪ್ಪ ಅನ್ನವ ಜೀವಂತ ಇದ್ರೂ ಇಲ್ಲದಂಗ. ಕಡೀಗೆ ಹುಡುಗನ್ನ ಕೈ ಹಿಡದು ಕರ್ಕೊಂಡು ಹೋಗೋರು ಮಾದೇವಯ್ಯನೋರು, ಗುಡ್ಯಾಗ ಇದ್ಕೊಂಡು ಭಿಕ್ಷಾ ಬೇಡಿ ಉಣ್ಣೋ ಜಂಗಮರು, ರಕ್ತ ಸಂಬಂಧನೂ ಇಲ್ಲ ಜಾತಿನೂ ಅಲ್ಲ. ನಾನು ಪುಸ್ತಕ ಮುಚ್ಚಿದೆ. ದೊಡ್ಡವ್ವ ಎಷ್ಟೋ ಹೊತ್ತು ಸುಮ್ನಿದ್ದು, “ಅಯ್ಯನೋರ ಭಿಕ್ಷಾ ಇಬ್ರಿಗೆ ಸಾಲ್ತೈತೇನ?” ಅಂತ ಕೇಳಿದ್ಲು.

“ಸಾಲ್ತೈತಿ ದೊಡ್ಡವ್ವ” ಅಂದೆ. ಬ್ಯಾರೆ ಏನು ಹೇಳಬೇಕೋ ತಿಳೀಲಿಲ್ಲ.

ಮುಂದಿನ ಸೋಮವಾರ ಓಣಿಗೆ ಬಂದ ಅಯ್ಯನೋರ ಜೋಳಗಿಗೆ ಯಾವತ್ತಿಗಿಂತ ಎರಡು ರೊಟ್ಟಿ ಜಾಸ್ತಿ ಹಾಕಿದ್ಲು.