ಧನುಷ್ಕೋಡಿ ಸ್ಟೇಷನ್‌ನಲ್ಲಿ ಹತ್ತು ನಿಮಿಷ

ರಾಮೇಶ್ವರದಲ್ಲಿ ಹತ್ತುವಾಗಲೇ ಆಟೋದವನು ಲೆಕ್ಕ ಹೇಳಿಬಿಟ್ಟ. ನೆಲದ ತುದಿಯ ಅರಿಚಲ್ ಮುನೈಯಲ್ಲಿ ಒಂದು ಗಂಟೆ, ಧನುಷ್ಕೋಡಿಯ ಹಳೇ ಸ್ಟೇಷನ್ ಹತ್ತಿರ ಹತ್ತು ನಿಮಿಷ. ನನಗೆ ಬೇಕಿದ್ದದ್ದು ಅದರ ಉಲ್ಟಾ! ಎಷ್ಟು ಹೇಳಿದರೂ ಬಗ್ಗಲಿಲ್ಲ.

ಎರಡೂ ಕಡೆ ಸಮುದ್ರ, ನಡುವೆ ನೆಟ್ಟಗೆ ರಸ್ತೆ. ಸ್ಟೇಷನ್ ಅಂತ ಉಳಿದಿರುವುದು ಒಂದಷ್ಟು ಮೋಟು ಗೋಡೆ, ನೀರಿನ ಟ್ಯಾಂಕಿನ ಕಂಬಗಳು. ಪಕ್ಕದಲ್ಲೇ ಶಂಖ, ಚಿಪ್ಪಿನ ಸರ ಮಾರುವವರು.

ಇದು ಸುಮ್ನೆ ಒಂದು ಕೊನೇ ಸ್ಟೇಷನ್ ಆಗಿರಲಿಲ್ಲ. 1914ರಲ್ಲಿ ರಾಮೇಶ್ವರ ದ್ವೀಪಕ್ಕೆ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನ ಬೋಟ್ ಮೇಲ್ ರೈಲು ಇಲ್ಲಿಗೇ ಬರುತ್ತಿತ್ತು. ಇಳಿದವರು ಸ್ಟೀಮರ್ ಹತ್ತಿ ಶ್ರೀಲಂಕಾದ ತಲೈಮನ್ನಾರ್ ಸೇರಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ಪಾಂಬನ್‌ನಲ್ಲಿ ಮೀಟರ್ ಗೇಜ್ ಹಳಿ ಕವಲಾಗಿ ಒಂದು ರಾಮೇಶ್ವರಕ್ಕೆ, ಇನ್ನೊಂದು ಇಲ್ಲಿಗೆ. ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಆಸ್ಪತ್ರೆ ಎಲ್ಲ ಇದ್ದ ಊರು.

1964ರ ಡಿಸೆಂಬರ್ 22ರ ರಾತ್ರಿ 653 ನಂಬರಿನ ಪ್ಯಾಸೆಂಜರ್ ರೈಲು ಪಾಂಬನ್ ಬಿಟ್ಟಿತು. ಹೊರಗೆ ಚಂಡಮಾರುತ. ಧನುಷ್ಕೋಡಿ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಕೆಟ್ಟಿತ್ತು. ಡ್ರೈವರ್ ಸ್ವಲ್ಪ ಹೊತ್ತು ಕಾದು, ಸೀಟಿ ಊದಿ ಮುಂದೆ ಬಿಟ್ಟ. ದೊಡ್ಡ ಅಲೆಯೊಂದು ಎದ್ದು ಇಡೀ ರೈಲನ್ನೇ ಎಳೆದುಕೊಂಡಿತು. ಒಳಗಿದ್ದವರು ನೂರಕ್ಕೂ ಜಾಸ್ತಿ. ಒಬ್ಬರೂ ಉಳಿಯಲಿಲ್ಲ.

ಕೊಚ್ಚಿಹೋಗಿದ್ದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಸರಿಮಾಡಿಸಿದರು. ಈ ಕವಲಿನ ಹಳಿಯನ್ನು ಮಾತ್ರ ಮತ್ತೆ ಹಾಕಲಿಲ್ಲ. ಊರು ವಾಸಕ್ಕೆ ತಕ್ಕದ್ದಲ್ಲ ಅಂತ ಸರ್ಕಾರ ಸಾರಿತು. ರಾಮೇಶ್ವರಕ್ಕೆ ದೇವಸ್ಥಾನ ಇತ್ತು, ಯಾತ್ರಿಕರಿದ್ದರು. ಇಲ್ಲಿ ಯಾರಿದ್ದರು, ಅಲ್ವಾ? ಒಂದಿಷ್ಟು ಮೀನುಗಾರರು. ಅವರು ಇವತ್ತೂ ಇದ್ದಾರೆ, ಗರಿಯ ಗುಡಿಸಲು ಕಟ್ಟಿಕೊಂಡು. ಹೊಸ ರಸ್ತೆ ಬಂದದ್ದೇ 2017ರಲ್ಲಿ.

ಅಲ್ಲೇ ಇದ್ದ ಪಾಳು ಚರ್ಚಿನ ಗೋಡೆ ಹತ್ತಿರದಿಂದ ನೋಡಿದೆ. ಹವಳದ ಕಲ್ಲು. ಜೇನುಗೂಡಿನ ಹಾಗೆ ತೂತು ತೂತು. ಬೆರಳಿಟ್ಟರೆ ಬಿಳಿ ಪುಡಿ ಉದುರಿತು. ಸಮುದ್ರದಿಂದಲೇ ತೆಗೆದ ಕಲ್ಲು, ಈಗ ಉಪ್ಪುಗಾಳಿ ಅದನ್ನು ಚೂರು ಚೂರೇ ತಿನ್ನುತ್ತಿದೆ.

ಆಟೋದವನು ಹಾರ್ನ್ ಹೊಡೆದ. ಆಗ ಅಮ್ಮ ಕೊಟ್ಟ ಸ್ಟೀಲ್ ಡಬ್ಬಿ ನೆನಪಾಯಿತು. ಮುಂದಿನ ವರ್ಷ ಕಾಶಿ ಯಾತ್ರೆ, ಪ್ರಯಾಗದ ಗಂಗೆಗೆ ಬಿಡಲು ರಾಮಸೇತುವಿನ ಮರಳು ಬೇಕಂತೆ. ತುದಿಯ ಕಡಲಲ್ಲೇ ತುಂಬಿಸಬೇಕು ಅಂದಿದ್ದಳು. ನಾನು ಸ್ಟೇಷನ್ ಗೋಡೆಯ ಬುಡದಿಂದ ಎರಡು ಹಿಡಿ ತುಂಬಿಸಿಕೊಂಡೆ. ಅವಳಿಗೆ ಇನ್ನೂ ಹೇಳಿಲ್ಲ.